ಒಂದೇ ಯಂತ್ರದಲ್ಲಿ ಹಲವು ಗಡಿಯಾರಗಳು

ಮದ್ದೂರಿನ ಸುತ್ತಣ ಆಲೆಮನೆಗಳಲ್ಲಿ ಕೊಪ್ಪರಿಗೆಯ ಮುಂದೆ ನಿಂತು ಪಾಕ ಕಾಯುವಾತನು ಗಡಿಯಾರವನ್ನು ನೋಡುವುದಿಲ್ಲ. ನೊರೆಯ ಬಣ್ಣ, ಗುಳ್ಳೆಯ ಗಾತ್ರ, ತಣ್ಣೀರಿನಲ್ಲಿ ಬಿಟ್ಟ ಪಾಕದ ಹದ, ಇವೇ ಅವನಿಗೆ ಗಡಿಯಾರ. ಕಣ್ಣಿಗೆ ಕಾಣುವ ಬದಲಾವಣೆಗೆ ಗಂಟೆಯ ನೆರವು ಬೇಕಿಲ್ಲ. ಆದರೆ ಆರುತ್ತಿರುವ ನೀರು ನೋಡುವವನಿಗೆ ಯಾವ ಸುಳಿವನ್ನೂ ಕೊಡುವುದಿಲ್ಲ.

ನ್ಯೂಟನ್ನನ ಶೈತ್ಯನಿಯಮದ ಪ್ರಯೋಗವನ್ನು ಮಾಡಿದ ವಿದ್ಯಾರ್ಥಿಗಳೆಲ್ಲರೂ ಇದನ್ನು ಬಲ್ಲರು. ಹೊಳಪಿನ ಪಾತ್ರೆಯೊಂದು, ಮಸಿ ಬಳಿದ ಪಾತ್ರೆಯೊಂದು, ಎರಡರಲ್ಲಿಯೂ ಬಿಸಿನೀರು. ಎರಡನೆಯದನ್ನು ತುಂಬುವಷ್ಟರಲ್ಲಿ 40 ಸೆಕೆಂಡು ಕಳೆದಿರುತ್ತದೆ. ಪ್ರತಿ ಪಾತ್ರೆಯ ಉಷ್ಣತೆಯನ್ನೂ ನಿಮಿಷಕ್ಕೊಮ್ಮೆ ಗುರುತಿಸಬೇಕು. ಸ್ಟಾಪ್ ಕ್ಲಾಕ್ ಒಂದೇ ಇದ್ದರೆ ವಿದ್ಯಾರ್ಥಿಯು ಮನಸ್ಸಿನಲ್ಲಿಯೇ 40 ಕಳೆಯುತ್ತ, ನೀರನ್ನು ಕಲಕುತ್ತ, ಉಷ್ಣತಾಮಾಪಕವನ್ನು ಓದುತ್ತ ಇರಬೇಕಾಗುತ್ತದೆ. ಹದಿನಾಲ್ಕನೆಯ ನಿಮಿಷ ತಪ್ಪಿಹೋಗುತ್ತದೆ. ಆಗ ಅವನು ಮಾಡುವುದೇನು? ಹಿಂದುಮುಂದಿನ ಅಂಕಿಗಳ ನಡುವೆ ಸರಿಹೊಂದುವ ಒಂದನ್ನು ಬರೆದುಬಿಡುತ್ತಾನೆ. ಅಂತಹ ದಾಖಲೆಗಳಿಗೆ ನಾನೇ ರುಜು ಹಾಕಿರುವೆನೆಂಬುದು ನನಗೆ ಗೊತ್ತು.

ಆದುದರಿಂದ ಪ್ರಯೋಗಶಾಲೆಯ ಗಣಕಯಂತ್ರದಲ್ಲಿ ಪಾತ್ರೆಗೊಂದರಂತೆ, ತಾನಾಗಿಯೇ ಮರಳಿ ಮೊದಲಾಗುವ ಟೈಮರುಗಳನ್ನು ಏಕಕಾಲದಲ್ಲಿ ನಡೆಸಬೇಕೆಂಬುದು ನನ್ನ ಅಭಿಪ್ರಾಯ. ಒಂದೊಂದಕ್ಕೂ ಹೆಸರೂ ಬೇರೆ ಬೇರೆ ದನಿಯೂ ಇರಬೇಕು. ಯಾವುದಕ್ಕಾಗಿ ಬಾರಿಸಿತೆಂದು ತಿಳಿಯದ ಗಂಟೆಯಿಂದ ಗಲಿಬಿಲಿಯೇ ಹೆಚ್ಚು.

ಹಲವು ಗಡಿಯಾರಗಳು ಕೂಡಿದರೆ ಒಂದಕ್ಕೊಂದು ತಾಳ ತಪ್ಪಲಾರವೇ ಎಂದು ಕೆಲವರು ಶಂಕಿಸುತ್ತಾರೆ. ವಾಸ್ತವವಾಗಿ ಅಲ್ಲಿ ಹಲವು ಗಡಿಯಾರಗಳಿಲ್ಲ. ಕೈಗಡಿಯಾರದಲ್ಲಿ ಸೆಕೆಂಡಿಗೆ 32,768 ಬಾರಿ ಕಂಪಿಸುವ ಸ್ಫಟಿಕವಿರುವಂತೆ ಗಣಕಯಂತ್ರಕ್ಕೂ ಸ್ಫಟಿಕವೇ ಆಧಾರ. ಯಂತ್ರವು ಎಲ್ಲ ಟೈಮರುಗಳ ಮುಗಿಯುವ ವೇಳೆಗಳನ್ನು ಒಂದು ಪಟ್ಟಿಯಲ್ಲಿ ಇಟ್ಟುಕೊಂಡು, ಎಲ್ಲಕ್ಕಿಂತ ಮೊದಲು ಬರುವುದನ್ನು ಮಾತ್ರ ಕಾಯುತ್ತದೆ. ಅದು ಮುಗಿದೊಡನೆ ಮುಂದಿನದನ್ನು. ಸ್ಫಟಿಕವು ಹತ್ತು ಲಕ್ಷದಲ್ಲಿ 20 ಭಾಗದಷ್ಟು ತಪ್ಪಿದರೂ ದಿನಕ್ಕೆ ಎರಡು ಸೆಕೆಂಡು ಆಗದು. ಹತ್ತು ನಿಮಿಷಕ್ಕೆ ಸೆಕೆಂಡಿನ ನೂರನೆಯ ಒಂದು ಭಾಗದಷ್ಟು. ಗುಂಡಿಯನ್ನು ಒತ್ತುವ ನಮ್ಮ ಬೆರಳಾದರೋ ಸೆಕೆಂಡಿನ ಐದನೆಯ ಒಂದು ಭಾಗ ತಡಮಾಡುತ್ತದೆ!

ಒಂದು ಎಚ್ಚರಿಕೆ ಅವಶ್ಯ. ಗಣಕಯಂತ್ರವು ನಿದ್ರಾಸ್ಥಿತಿಗೆ ಹೋದರೆ ಗಂಟೆ ತಡವಾಗಬಹುದು, ಬಾರಿಸದೆಯೂ ಇರಬಹುದು. ಬ್ರೌಸರಿನಲ್ಲಿ ನಡೆಸುವ ಟೈಮರುಗಳನ್ನು ಮರೆಗೆ ಸರಿಸಿ ಬೇರೆ ಪುಟ ತೆರೆದರೆ, ಬ್ರೌಸರು ವಿದ್ಯುತ್ತನ್ನು ಉಳಿಸುವ ಸಲುವಾಗಿ ಅವುಗಳನ್ನು ನಿಧಾನಗೊಳಿಸುವುದುಂಟು. ಪ್ರಯೋಗಕ್ಕೆ ಮುನ್ನ ಒಂದು ಸ್ಟಾಪ್ ಕ್ಲಾಕಿನೊಡನೆ ಹೋಲಿಸಿ ಪರೀಕ್ಷಿಸತಕ್ಕದ್ದು. ಮನೆಯಲ್ಲಿ ಅನ್ನಕ್ಕೊಂದು, ಅಜ್ಜಿಯ ಔಷಧಿಗೊಂದು, ಪಂಪ್‌ಸೆಟ್ಟಿಗೊಂದು ಎಂದು ಇಡುವವರಿಗೂ ಇದೇ ಮಾತು.

ಇಷ್ಟಾದರೂ ಒಮ್ಮೊಮ್ಮೆ ಒಂದು ಅಂಕಿ ತಪ್ಪಿಹೋದೀತು. ಆ ಸ್ಥಳದಲ್ಲಿ ಗೆರೆಯೆಳೆದು 'ತಪ್ಪಿತು' ಎಂದು ಬರೆಯುವ ವಿದ್ಯಾರ್ಥಿಗೆ ನಾನು ಅಂಕಗಳನ್ನು ಕಳೆಯುವುದಿಲ್ಲ.