ಓದದ ಸಹಿಯೂ ಹೆಬ್ಬೆಟ್ಟೇ



ನಮ್ಮಪ್ಪ, ನಮ್ಮಜ್ಜ ಧಣಿಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರು. ಅದರಲ್ಲಿ ಏನಿತ್ತು ಅಂತ ಯಾರೂ ಓದಿ ಹೇಳಲಿಲ್ಲ. ಗೊತ್ತಾದದ್ದು ಜೀತಕ್ಕೆ ಬಿದ್ದ ಮೇಲೆ. ಇವತ್ತು ನಾವು ಹಾಸ್ಟೆಲಿನಲ್ಲಿದ್ದು ಓದುತ್ತಿದ್ದೇವೆ, ಸಹಿ ಹಾಕಲು ಬರುತ್ತದೆ. ಆದರೆ ಸಂಶೋಧನೆಗೆಂದು ರಕ್ತ ಕೇಳುವವರ ಕಾಗದಕ್ಕೆ ಓದದೆ ಸಹಿ ಹಾಕಿದರೆ ಅದೂ ಹೆಬ್ಬೆಟ್ಟೇ.

ಒಂದೇ ಮಾತ್ರೆ ಒಬ್ಬನನ್ನು ಉಳಿಸುತ್ತದೆ, ಇನ್ನೊಬ್ಬನನ್ನು ಕೆಡವುತ್ತದೆ. ಹುಟ್ಟಿನಿಂದ ಬಂದ ಜೀನುಗಳು ಇದಕ್ಕೊಂದು ಕಾರಣ. ಇದನ್ನು ಕಲಿತದ್ದು ಯಾರ ಮೈಮೇಲೆ? ಅಮೆರಿಕದ ಇಲಿನಾಯ್ ರಾಜ್ಯದ ಸ್ಟೇಟ್‌ವಿಲ್ ಜೈಲಿನಲ್ಲಿ 1940ರ ದಶಕದಿಂದ ಕೈದಿಗಳ ಮೇಲೆ ಮಲೇರಿಯಾ ಔಷಧಿಗಳ ಪ್ರಯೋಗ ನಡೆಯಿತು. ಪ್ರೈಮಾಕ್ವಿನ್ ನುಂಗಿದ ಕಪ್ಪು ಕೈದಿಗಳಲ್ಲಿ ಕೆಲವರ ಕೆಂಪು ರಕ್ತಕಣಗಳು ಒಡೆದುಹೋದವು. ಯಾಕೆಂದು ಹುಡುಕಿ 1956ರಲ್ಲಿ ಜಿ6ಪಿಡಿ ಎಂಬ ಕಿಣ್ವದ ಕೊರತೆಯನ್ನು ಕಂಡುಹಿಡಿದರು.

ಆ ಕೈದಿಗಳೂ ಸಹಿ ಹಾಕಿದ್ದರು! ಹಣ ಕೊಟ್ಟರು, ಶಿಕ್ಷೆ ಕಡಿಮೆಯಾಗುವ ಆಸೆ ತೋರಿಸಿದರು. ಬೀಗ ಹಾಕಿಟ್ಟು ಕೇಳಿದಾಗ ಬಂದ 'ಹೂಂ' ಒಪ್ಪಿಗೆಯೇ? ನ್ಯೂರೆಂಬರ್ಗಿನಲ್ಲಿ ನಾಜಿ ವೈದ್ಯರ ವಕೀಲರು ಇದೇ ಜೈಲನ್ನು ತೋರಿಸಿ, ನೀವೇನು ಕಡಿಮೆ ಅಂದರು. ಸ್ವಂತ ಇಚ್ಛೆಯ ಒಪ್ಪಿಗೆಯಿಲ್ಲದೆ ಮನುಷ್ಯರ ಮೇಲೆ ಪ್ರಯೋಗ ಕೂಡದೆಂಬ ನಿಯಮ ಬಂದದ್ದು ಆ 1947ರ ತೀರ್ಪಿನಲ್ಲೇ. ಜೈಲಿನ ಪ್ರಯೋಗ ಮಾತ್ರ 1974ರವರೆಗೆ, ಮತ್ತೆ 27 ವರ್ಷ ನಡೆಯಿತು.

ನಮಗೆ ವಿಜ್ಞಾನ ಬೇಡವೆಂದಲ್ಲ. ಪ್ರೈಮಾಕ್ವಿನ್ ಇವತ್ತೂ ನಮ್ಮ ದೇಶದ ಮಲೇರಿಯಾ ರೋಗಿಗಳಿಗೆ ಕೊಡುವ ಮಾತ್ರೆ. ಜಿ6ಪಿಡಿ ಕೊರತೆ ನಮ್ಮ ಅನೇಕ ಆದಿವಾಸಿ ಸಮುದಾಯಗಳಲ್ಲೂ ಇದೆ. ಈ ತಿಳಿವಳಿಕೆ ನಮ್ಮವರ ಜೀವ ಉಳಿಸುತ್ತದೆ. ಆದರೆ ರಕ್ತ ನಮ್ಮದು, ಹೆಸರು ಅವರದು, ಔಷಧಿ ಹಣವಂತರದು ಅನ್ನುವ ಲೆಕ್ಕ ಇನ್ನು ನಡೆಯದು.

2025ರ ಜನವರಿಯಲ್ಲಿ ಜಿನೋಮ್ ಇಂಡಿಯಾ ಯೋಜನೆ 10,000 ಭಾರತೀಯರ ಜೀನುಗಳ ಮಾಹಿತಿಯನ್ನು ಸಂಶೋಧಕರಿಗೆ ತೆರೆದಿಟ್ಟಿತು. ರಕ್ತ ಕೇಳುವವರು ನಮ್ಮ ಬಾಗಿಲಿಗೂ ಬಂದಾರು. ಬಂದರೆ ಕೇಳೋಣ: ಯಾತಕ್ಕೆ? ಎಷ್ಟು ವರ್ಷ ಇಡುತ್ತೀರಿ? ನಾಳೆ ಬೇರೆ ಕೆಲಸಕ್ಕೆ, ಕಂಪನಿಗೆ ಕೊಡುತ್ತೀರಾ? ನಮ್ಮ ಜಾತಿಯ ಹೆಸರು ಹಚ್ಚಿ ಏನು ಬರೆಯುತ್ತೀರಿ? ಔಷಧಿ ಬಂದರೆ ನಮ್ಮೂರ ಸರ್ಕಾರಿ ಆಸ್ಪತ್ರೆಗೆ ಬರುತ್ತದಾ? ತಿಳಿಯುವ ಭಾಷೆಯಲ್ಲಿ ಹೇಳಬೇಕು, ಯಾವಾಗ ಬೇಕಾದರೂ ಹಿಂದೆ ಸರಿಯಬಹುದು. ಇದು ಯಾರ ಕರುಣೆಯೂ ಅಲ್ಲ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಲ್ಲೇ ಇದೆ.

ವಾರ್ಡನ್ ಹೇಳಿದರು, ಮೇಷ್ಟ್ರು ಹೇಳಿದರು ಅಂತ ತೋಳು ಚಾಚಬೇಡಿ. 'ಬೇಡ' ಅನ್ನಲು ಆಗದವನ 'ಹೂಂ' ಒಪ್ಪಿಗೆಯಲ್ಲ. ರಜೆಗೆ ಊರಿಗೆ ಹೋದಾಗ ಇದನ್ನು ಅವ್ವನಿಗೂ ಓದಿ ಹೇಳಿ. ಅವಳ ಹೆಬ್ಬೆಟ್ಟಿಗೆ ಇನ್ನೂ ಶಾಯಿ ಹಚ್ಚುವವರಿದ್ದಾರೆ.