ಪುಟ್ಟ ಕಾರಿನ ದೊಡ್ಡ ಓಟ

1959ರಲ್ಲಿ ಬ್ರಿಟನ್ನಿನ ರಸ್ತೆಗಿಳಿದ ‘ಮಿನಿ’ ಕಾರಿನ ಉದ್ದ ಸುಮಾರು 10 ಅಡಿ. ಎಂಜಿನ್ 848 ಸಿ.ಸಿ., 34 ಅಶ್ವಶಕ್ತಿ. ಅಲೆಕ್ ಇಸಿಗೋನಿಸ್ ಅದನ್ನು ರೂಪಿಸಿದ್ದು ಸಾಮಾನ್ಯ ಕುಟುಂಬಗಳಿಗಾಗಿ. ರೇಸ್ ಕಾರುಗಳ ನಿರ್ಮಾಪಕ ಜಾನ್ ಕೂಪರ್‌ಗೆ ಅದರಲ್ಲಿ ಬೇರೆಯೇ ಗುಣ ಕಂಡಿತು. ಚಕ್ರಗಳು ನಾಲ್ಕು ಮೂಲೆಗಳಲ್ಲೇ ಇದ್ದುದರಿಂದ ತಿರುವಿನಲ್ಲೂ ಅದು ನೆಲ ಕಚ್ಚಿ ಓಡುತ್ತಿತ್ತು.

1961ರ ‘ಮಿನಿ ಕೂಪರ್’ನಲ್ಲಿ ಎಂಜಿನ್ 997 ಸಿ.ಸి.ಗೆ ಏರಿತು, ಎರಡು ಕಾರ್ಬ್ಯುರೇಟರ್ ಸೇರಿ 55 ಅಶ್ವಶಕ್ತಿ ದೊರೆಯಿತು. ಜೊತೆಗೇ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಬಂತು. 1964ರಲ್ಲಿ ‘ಕೂಪರ್ ಎಸ್’ ದೊಡ್ಡ ಕಾರುಗಳನ್ನು ಹಿಂದಿಕ್ಕಿ ಮಾಂಟೆ ಕಾರ್ಲೊ ರ್‍ಯಾಲಿ ಗೆದ್ದಿತು.

ಬೈಕಿನ ವೇಗ ಹೆಚ್ಚಿಸಲು ಹೊರಡುವ ಹುಡುಗರೂ ಅದಕ್ಕೆ ಹಣ ಕೊಡುವ ಹಿರಿಯರೂ ಗಮನಿಸಬೇಕಾದ್ದು ಆ ಬ್ರೇಕನ್ನು. ಓಡುವ ಶಕ್ತಿ ಹೆಚ್ಚಿದಷ್ಟೂ ನಿಲ್ಲುವ ಶಕ್ತಿಯೂ ಹೆಚ್ಚಬೇಕು.