ಹುತ್ತದೊಳಗಿನ ಬೇಸಾಯ

ಮಲೆನಾಡು ಮುಗಿದು ಬಯಲುಸೀಮೆ ಮೊದಲಾಗುವ ಎಡೆಯಲ್ಲಿ, ಶಿವಮೊಗ್ಗದಿಂದ ಶಿಕಾರಿಪುರಕ್ಕೆ ಹೋಗುವ ಹಾದಿಯಲ್ಲಿ ಸವಳಂಗವಿದೆ. ಈ ಸೀಮೆಯ ಹೊಲದ ಬದುಗಳಲ್ಲಿ ಹುತ್ತಗಳು ಕಾಣಸಿಗುತ್ತವೆ. ನಾಗರಪಂಚಮಿಯಂದು ಹುತ್ತಕ್ಕೆ ಹಾಲೆರೆದ ಕೈಯೇ ಮುಂದೊಂದು ದಿನ ಅದಕ್ಕೆ ವಿಷವನ್ನೂ ಸುರಿಯುವುದುಂಟು. ಹಾಲು ಹಾವಿಗೆ, ವಿಷ ಗೆದ್ದಲಿಗೆ! ಮನೆ ಕಟ್ಟಿದವನಿಗಿಂತ ಬಂದು ಸೇರಿಕೊಂಡವನಿಗೇ ಮರ್ಯಾದೆ ಹೆಚ್ಚು.

ಬಿಳಿ ಇರುವೆಯೆಂದು ಕರೆಯುವ ವಾಡಿಕೆಯಿದ್ದರೂ ಗೆದ್ದಲು ಇರುವೆಯಲ್ಲ. ಅದು ಜಿರಲೆಯ ಬಂಧು. ಈ ನಾಡಿನಲ್ಲಿ ಹುತ್ತ ಕಟ್ಟುವ ಗೆದ್ದಲು ಒಳ್ಳೆಯ ಬೇಸಾಯಗಾರನೂ ಹೌದು. ಒಣಗಿದ ಕಡ್ಡಿ, ತರಗೆಲೆ, ದಂಟುಗಳನ್ನು ತಿಂದು ಬರುವ ಕೆಲಸಗಾರ ಗೆದ್ದಲುಗಳು ನೆಲದೊಳಗಿನ ಕೋಣೆಗಳಲ್ಲಿ ತಮ್ಮ ಹಿಕ್ಕೆಯಿಂದ ಸ್ಪಂಜಿನಂತೆ ತೂತುತೂತಾದ ಪಾತಿಗಳನ್ನು ಕಟ್ಟುತ್ತವೆ. ಅವುಗಳ ಮೇಲೆ ಬೆಳೆಯುವುದು ಟರ್ಮಿಟೊಮೈಸಿಸ್ ಎಂಬ ಶಿಲೀಂಧ್ರ. ಸುಲಭವಾಗಿ ಜೀರ್ಣವಾಗದ ಸಸ್ಯದ ಗಟ್ಟಿ ಅಂಶವನ್ನು ಅದು ಒಡೆದು ಮೆದುಗೊಳಿಸುತ್ತದೆ. ಪಾತಿಯ ಮೇಲೆ ಮೂಡುವ ಬಿಳಿಯ ಗಂಟುಗಳೂ ಹಳತಾದ ಪಾತಿಯೂ ಗೆದ್ದಲಿಗೆ ಆಹಾರ. ಪ್ರತಿಯಾಗಿ ಶಿಲೀಂಧ್ರಕ್ಕೆ ಮೇವು, ತೇವ, ಕಾವಲು ದೊರೆಯುತ್ತವೆ. ಈ ತೋಟದಲ್ಲಿ ಕಳೆಯೂ ಉಂಟು. ಕಳೆಶಿಲೀಂಧ್ರವನ್ನು ಗೆದ್ದಲುಗಳು ವಾಸನೆಯಿಂದಲೇ ಗುರುತಿಸಿ ಮಣ್ಣಿನಲ್ಲಿ ಹೂಳುವುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದ್ದಾರೆ. ದೂರದ ಅಮೆರಿಕ ಖಂಡದಲ್ಲಿ ಎಲೆ ಕತ್ತರಿಸುವ ಇರುವೆಗಳು ಬೇರೊಂದು ಶಿಲೀಂಧ್ರವನ್ನು ಹೀಗೆಯೇ ಬೆಳೆಯುತ್ತವೆ. ಆ ಸಂಗತಿಯನ್ನು ಥಾಮಸ್ ಬೆಲ್ಟನು 1874ರಲ್ಲಿ ಬರೆದನು. ಮನುಷ್ಯನ ಬೇಸಾಯಕ್ಕೆ ಸುಮಾರು 12 ಸಾವಿರ ವರ್ಷಗಳಾಗಿದ್ದರೆ, ಗೆದ್ದಲಿನದಕ್ಕೆ ಸುಮಾರು 3 ಕೋಟಿ ವರ್ಷಗಳಾಗಿವೆ.

ಮಳೆ ಹಿಡಿದಾಗ ಹುತ್ತದ ಬಳಿ ನೆಲ ಸೀಳಿಕೊಂಡು ಏಳುವ ಅಣಬೆ ಈ ಶಿಲೀಂಧ್ರದ್ದೇ. ಅದರ ಬೇರಿನಂಥ ಉದ್ದನೆಯ ಬುಡ ಒಳಗಿನ ಪಾತಿಯವರೆಗೂ ಇಳಿದಿರುತ್ತದೆ. ಅಣಬೆಯ ಸಾರನ್ನು ಸವಿಯುವವರು ಗೆದ್ದಲನ್ನು ನೆನೆಯುವುದು ವಿರಳ.

ಗೆದ್ದಲಿನಿಂದ ಹಾನಿಯೇ ಇಲ್ಲವೆಂದರೆ ಸುಳ್ಳಾದೀತು. ಮಳೆ ಕೈಕೊಟ್ಟ ವರ್ಷ ಅದು ಮೆಕ್ಕೆಜೋಳದ ಬುಡಕ್ಕೂ ಬಾಯಿಡುತ್ತದೆ. ಮನೆಯ ತೊಲೆಯನ್ನೂ ಬಿಡದು. ಅಲ್ಲಿ ಅದನ್ನು ತಡೆಯುವುದು ನ್ಯಾಯವೇ. ಆದರೆ ಬದುವಿನ ಮೇಲಿನ ಹುತ್ತಗಳನ್ನೆಲ್ಲ ಶತ್ರುವಿನ ಕೋಟೆಯೆಂದು ಬಗೆದು ನೆಲಸಮ ಮಾಡುವುದು ವಿವೇಕವಲ್ಲ. ಕೊಯಿಲಾದ ಮೇಲೆ ದಂಟನ್ನೆಲ್ಲ ಸುಟ್ಟು ಹೊಲವನ್ನು ಬೋಳುಮಾಡಿದರೆ ಹಸಿದ ಗೆದ್ದಲಿಗೆ ಉಳಿಯುವುದು ಪೈರೊಂದೇ. ಕಸವನ್ನು ಮಣ್ಣಾಗಿಸಿ, ನೆಲದೊಳಗೆ ನೀರಿಳಿಯಲು ದಾರಿ ಕೊರೆಯುವ ಆಳು ಕೂಲಿ ಕೇಳದೆ ದುಡಿಯುತ್ತಿರುವಾಗ, ಹಾನಿ ನಿಜವಾಗಿ ಕಂಡಿದೆಯೇ ಎಂದು ನೋಡುವ ವ್ಯವಧಾನವಾದರೂ ರೈತನಿಗಿರಬೇಕು. ವಿಷ ಬಿದ್ದು ಗೆದ್ದಲು ಅಳಿದರೆ ಕಳೆಶಿಲೀಂಧ್ರವು ಪಾತಿಗಳನ್ನು ಮುತ್ತಿಕೊಳ್ಳುತ್ತದೆ. ಮುಂದಿನ ಮುಂಗಾರಿಗೆ ಆ ಹುತ್ತದ ಬಳಿ ಅಣಬೆ ಏಳದು.